ಮೂತ್ರಪಿಂಡ ರೋಗಿಗಳ ವ್ಯಾಯಾಮ: ಎಷ್ಟು, ಹೇಗೆ, ಯಾವಾಗ?



ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರವನ್ನು ವಿಶ್ವ ಮೂತ್ರಪಿಂಡ ದಿನವೆಂದು ಆಚರಿಸಲಾಗುತ್ತದೆ. ಇದೇ ಹೊತ್ತಿಗೆ ನಮ್ಮ ಭಾಗದಲ್ಲಿ ಬಿಸಿಲು ಏರತೊಡಗುತ್ತದೆ. ಯುಗಾದಿಗೆ ಶ್ರೀಶೈಲವನ್ನು ತಲುಪಬೇಕೆಂದು ಊರೂರುಗಳಿಂದ ಭಕ್ತರು ಪಾದಯಾತ್ರೆಗೆ ಸಿದ್ಧರಾಗುವುದೂ ಈ ದಿನಗಳಲ್ಲಿಯೇ. ಹೀಗಾಗಿ ಪ್ರತಿ ವರ್ಷವೂ ಈ ತಿಂಗಳಲ್ಲಿ ನನ್ನ ಚಿಕಿತ್ಸಾಲಯದಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಸಾಹೇಬ್ರ, ನನಗ ಕಿಡ್ನಿ ತ್ರಾಸ ಐತಿ. ನಾ ಅಡ್ಡಾಡಬಹುದೇನ್ರಿ? ವ್ಯಾಯಾಮ ಮಾಡಿದ್ರ ಕ್ರಿಯಾಟಿನಿನ್ ಏರೂದಿಲ್ಲೇನ್ರಿ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂತ್ರಪಿಂಡದ ಕಾಯಿಲೆ ಇರುವ ಬಹುಪಾಲು ಜನರು ವ್ಯಾಯಾಮ ಮಾಡಬಹುದು, ಮಾಡಲೂ ಬೇಕು. ಆದರೆ ಅಳತೆ ಮೀರಬಾರದು, ಹೊತ್ತು ತಪ್ಪಬಾರದು, ವೈದ್ಯರಿಗೆ ತಿಳಿಸದೆ ಆರಂಭಿಸಬಾರದು. ಈ ಮೂರು ಮಾತುಗಳ ವಿವರವೇ ಈ ಲೇಖನ.

ಎರಡು ಅನುಭವಗಳು

ಸುಮಾರು 30 ವರ್ಷಗಳ ಹಿಂದೆ ನಾನು ಕೂಡ ಮೂತ್ರಪಿಂಡದ ರೋಗಿಗಳಿಗೆ "ವಿಶ್ರಾಂತಿ ತೆಗೆದುಕೊಳ್ಳಿರಿ, ದೇಹಕ್ಕೆ ಶ್ರಮ ಬೇಡ" ಎಂದೇ ಹೇಳುತ್ತಿದ್ದೆ. ನಿವೃತ್ತ ಶಿಕ್ಷಕರೊಬ್ಬರಿಗೆ ಬಹಳ ವರ್ಷಗಳಿಂದ ಮಧುಮೇಹವಿತ್ತು. ಕ್ರಿಯಾಟಿನಿನ್ 2.3 ತಲುಪಿದೆಯೆಂದು ವರದಿ ತಂದು ತೋರಿಸಿದರು. ಪ್ರತಿದಿನ ಬೆಳಗ್ಗೆ ಕೆರೆಯ ಏರಿಯ ತನಕ ನಡೆದು ಬರುತ್ತಿದ್ದ ಅವರು ನನ್ನ ಮಾತು ಕೇಳಿ ನಡಿಗೆಯನ್ನು ನಿಲ್ಲಿಸಿದರು. ಒಂದು ವರ್ಷದೊಳಗೆ ಅವರ ತೊಡೆಗಳು ಸೊರಗಿದವು. ಪೂಜೆ ಮುಗಿಸಿ ನೆಲದಿಂದ ಏಳಲು ಗೋಡೆಯ ಆಸರೆ ಬೇಕಾಯಿತು. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಮುಗ್ಗರಿಸಿ ಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಂಡರು. ಮತ್ತೆ ಅವರು ಸರಿಯಾಗಿ ನಡೆಯಲಿಲ್ಲ. ಆ ಒಂದು ವರ್ಷದಲ್ಲಿ ಅವರ ಮೂತ್ರಪಿಂಡ ಹೆಚ್ಚೇನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಕಾಲಿನ ಬಲ. ಆ ಸಲಹೆ ಕೊಟ್ಟವನು ನಾನು. ಅಂದಿನಿಂದ ಯಾವ ರೋಗಿಗೂ ಯೋಚಿಸದೆ "ವಿಶ್ರಾಂತಿ" ಎಂಬ ಮಾತನ್ನು ಹೇಳಿಲ್ಲ.

ಇನ್ನೊಂದು ಅನುಭವ ಇದಕ್ಕೆ ವಿರುದ್ಧವಾದುದು. ನಲವತ್ತು ದಾಟಿದ ವ್ಯಾಪಾರಿಯೊಬ್ಬರಿಗೆ ರಕ್ತದೊತ್ತಡವಿತ್ತು, ಕ್ರಿಯಾಟಿನಿನ್ 1.6 ಇತ್ತು. ತೂಕ ಇಳಿಸಬೇಕೆಂಬ ಹಟದಿಂದ ಏಪ್ರಿಲ್ ತಿಂಗಳಿನಲ್ಲಿ ಓಡಲು ಆರಂಭಿಸಿದರು. ಅಂಗಡಿ ತೆರೆದು ವ್ಯವಸ್ಥೆ ಮಾಡಿದ ಮೇಲೆ ಓಡಲು ಹೋಗುತ್ತಿದ್ದುದರಿಂದ ಬಿಸಿಲು ನೆತ್ತಿಗೇರಿರುತ್ತಿತ್ತು. ಮೈಕೈ ನೋವು ಬಂದಿತು. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ಹತ್ತು ದಿನ ನುಂಗಿದರು. ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳಂತೂ ನಡೆದೇ ಇದ್ದವು. ಮುಖ ಊದಿಕೊಂಡು, ಮೂತ್ರ ಕಡಿಮೆಯಾಗಿ ಬಂದಾಗ ಕ್ರಿಯಾಟಿನಿನ್ 4.8 ಆಗಿತ್ತು. ಆಸ್ಪತ್ರೆಗೆ ಸೇರಿದ ಮೇಲೆ ಅದು ಇಳಿಯಿತಾದರೂ ಮೊದಲಿನ ಮಟ್ಟಕ್ಕೆ ಮರಳಲಿಲ್ಲ.

ಮೊದಲನೆಯವರಿಗೆ ಭಯ ತೊಂದರೆ ಮಾಡಿತು, ಎರಡನೆಯವರಿಗೆ ಅತಿಯುತ್ಸಾಹ. ಇವೆರಡರ ನಡುವಿನ ದಾರಿಯನ್ನು ನಾವು ಕಂಡುಕೊಳ್ಳಬೇಕಾಗಿದೆ.

ಮೂತ್ರಪಿಂಡದ ಕೆಲಸ, ಕಾಯಿಲೆಯ ಹಂತಗಳು

ಬೆನ್ನಿನ ಕೆಳಭಾಗದಲ್ಲಿ ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದರಂತೆ ಇರುವ ಮೂತ್ರಪಿಂಡಗಳು ನಮ್ಮ ಮುಷ್ಟಿಯಷ್ಟು ಗಾತ್ರದವು. ಹೃದಯವು ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಇವುಗಳಿಗೇ ಹೋಗುತ್ತದೆ. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಹಿಂದಕ್ಕೆ ಪಡೆದು, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಕಶ್ಮಲವನ್ನು ಹೊರಹಾಕುವುದಷ್ಟೇ ಅಲ್ಲದೆ, ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ನೀಡುವುದು, ಡಿ ಜೀವಸತ್ವವನ್ನು ಸಕ್ರಿಯಗೊಳಿಸಿ ಮೂಳೆಗಳನ್ನು ಕಾಯುವುದು, ಪೊಟ್ಯಾಸಿಯಂ ಮುಂತಾದ ಲವಣಗಳ ಸಮತೋಲ ಕಾಪಾಡುವುದು ಇವೂ ಅವುಗಳ ಕೆಲಸಗಳೇ.

ಮೂತ್ರಪಿಂಡದ ಹಾನಿ ಅಥವಾ ಕಾರ್ಯಕುಂದು 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ರೋಗವೆನ್ನುತ್ತಾರೆ. ರಕ್ತಪರೀಕ್ಷೆಯ ವರದಿಯಲ್ಲಿ ಇ-ಜಿ.ಎಫ್.ಆರ್. ಎಂಬ ಅಂಕಿ ಇರುತ್ತದೆ. 90 ಅಥವಾ ಅದಕ್ಕಿಂತ ಹೆಚ್ಚಿದ್ದು, ಮೂತ್ರದಲ್ಲಿ ಪ್ರೋಟೀನ್ ಹೋಗುವಂತಹ ಬೇರೆ ಹಾನಿಯ ಲಕ್ಷಣವಿದ್ದರೆ ಮೊದಲ ಹಂತ. 60ರಿಂದ 89 ಇದ್ದು ಅಂತಹ ಲಕ್ಷಣವಿದ್ದರೆ ಎರಡನೆಯ ಹಂತ. 30ರಿಂದ 59 ಮೂರನೆಯದು. 15ರಿಂದ 29 ನಾಲ್ಕನೆಯದು. 15ಕ್ಕಿಂತ ಕಡಿಮೆಯಾದರೆ ಐದನೆಯದು. ನಮ್ಮಲ್ಲಿ ಈ ರೋಗಕ್ಕೆ ಮಧುಮೇಹ ಹಾಗೂ ಅಧಿಕ ರಕ್ತದೊತ್ತಡಗಳೇ ಮುಖ್ಯ ಕಾರಣಗಳು. ವ್ಯಾಯಾಮದ ವಿಚಾರದಲ್ಲಿ ತಮ್ಮ ಹಂತ ಯಾವುದೆಂಬುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ಸ್ನಾಯುಗಳು ಏಕೆ ಸೊರಗುತ್ತವೆ?

ಮೂತ್ರಪಿಂಡ ಕುಂದಿದಂತೆ ರಕ್ತದಲ್ಲಿ ಆಮ್ಲೀಯತೆ ಹೆಚ್ಚುತ್ತದೆ. ಇದು ಸ್ನಾಯುಗಳ ಸವಕಳಿಗೆ ಕಾರಣವಾಗುತ್ತದೆ. ಹಸಿವು ತಗ್ಗಿ ಆಹಾರ ಕಡಿಮೆಯಾಗುತ್ತದೆ. ರಕ್ತಹೀನತೆಯಿಂದ ಬೇಗನೆ ಆಯಾಸವಾಗುತ್ತದೆ. ಆಯಾಸವಾಗುತ್ತದೆಂದು ರೋಗಿ ಕುಳಿತಲ್ಲಿಯೇ ಕುಳಿತಿರುತ್ತಾನೆ. ಕುಳಿತದ್ದರಿಂದ ಸ್ನಾಯು ಇನ್ನಷ್ಟು ಕರಗುತ್ತದೆ. ಕರಗಿದ್ದರಿಂದ ಆಯಾಸ ಮತ್ತಷ್ಟು ಹೆಚ್ಚುತ್ತದೆ. ಗಾಣದೆತ್ತಿನಂತೆ ಸುತ್ತುವ ಈ ವರ್ತುಲವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕಾದರೆ ಅದಕ್ಕೆ ಹಿತಮಿತವಾದ ಚಲನೆಯೇ ಸಾಧನ.

ತಮ್ಮ ಬಲವನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಒಂದು ಸುಲಭ ಕ್ರಮವಿದೆ. ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 5 ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಬೇಕು. ಮನೆಯವರೊಬ್ಬರು ಗಡಿಯಾರ ನೋಡುತ್ತ ಪಕ್ಕದಲ್ಲಿ ನಿಂತಿರಲಿ. ಇದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಗ್ಗಿದೆಯೆಂದು ತಿಳಿಯಬೇಕು.

ವ್ಯಾಯಾಮದಿಂದ ಆಗುವುದು ಮತ್ತು ಆಗದಿರುವುದು

ನಿಯಮಿತ ವ್ಯಾಯಾಮದಿಂದ ರಕ್ತದೊತ್ತಡ ತಗ್ಗಲು ನೆರವಾಗುತ್ತದೆ, ರಕ್ತದ ಸಕ್ಕರೆ ಹಿಡಿತಕ್ಕೆ ಬರುತ್ತದೆ, ನಡೆಯುವ, ಮೆಟ್ಟಿಲೇರುವ ಶಕ್ತಿ ಹೆಚ್ಚುತ್ತದೆ, ನಿದ್ರೆ ಸುಧಾರಿಸುತ್ತದೆ, ಮನಸ್ಸಿನ ಕುಗ್ಗು ದೂರವಾಗುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಹೃದಯರೋಗದ ಅಪಾಯ ಇತರರಿಗಿಂತ ಹೆಚ್ಚು. ಆದ್ದರಿಂದ ಹೃದಯವನ್ನು ಕಾಯುವ ಯಾವ ಅಭ್ಯಾಸವೂ ಇವರಿಗೆ ಅಮೂಲ್ಯವಾದುದು.

ಆದರೆ ಗಾಯಗೊಂಡು ಗಟ್ಟಿಯಾದ ಸೋಸುಕಗಳನ್ನು ವ್ಯಾಯಾಮವು ಮರಳಿ ಹೊಸದಾಗಿಸುವುದಿಲ್ಲ. "ಹೆಚ್ಚು ಬೆವರು ಹರಿಸಿದರೆ ವಿಷವೆಲ್ಲ ಚರ್ಮದ ಮೂಲಕ ಹೊರಹೋಗುತ್ತದೆ, ಡಯಾಲಿಸಿಸ್ ಬೇಕಾಗುವುದಿಲ್ಲ" ಎಂಬ ಮಾತನ್ನು ನಂಬಬೇಡಿರಿ. ಮೂತ್ರಪಿಂಡದ ಕೆಲಸವನ್ನು ಬೆವರು ಮಾಡಲಾರದು. ಅತಿಯಾಗಿ ಬೆವರಿದರೆ ರಕ್ತದಲ್ಲಿ ನೀರಿನಂಶ ತಗ್ಗಿ ಉಳಿದ ಸೋಸುಕಗಳಿಗೂ ಪೆಟ್ಟು ಬೀಳುತ್ತದೆ.

ಕ್ರಿಯಾಟಿನಿನ್ ಬಗ್ಗೆಯೂ ಒಂದು ಮಾತು. ಅದು ಸ್ನಾಯುಗಳಿಂದ ಹುಟ್ಟುವ ವಸ್ತು. ಪರೀಕ್ಷೆಯ ಹಿಂದಿನ ದಿನ ಕಠಿಣ ಶ್ರಮ ಮಾಡಿದ್ದರೆ ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನ್ ಎರಡೂ ತಾತ್ಕಾಲಿಕವಾಗಿ ಹೆಚ್ಚು ಕಾಣಿಸಬಹುದು. ಆದುದರಿಂದ ಪರೀಕ್ಷೆಗೆ ಮುಂಚಿನ ಒಂದೆರಡು ದಿನ ಶ್ರಮದ ವ್ಯಾಯಾಮ ಬೇಡ. ಸಾಮಾನ್ಯ ನಡಿಗೆಗೆ ಅಡ್ಡಿಯಿಲ್ಲ. ಹಾಗೆಯೇ ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಕಡಿಮೆ ಕಂಡರೂ ಮೂತ್ರಪಿಂಡ ಚೆನ್ನಾಗಿದೆಯೆಂದು ಅರ್ಥವಲ್ಲ.

ಆಯುರ್ವೇದದ ಅರ್ಧಶಕ್ತಿ ನಿಯಮ

ಚರಕಾಚಾರ್ಯರು ಮೇದೋವಹ ಸ್ರೋತಸ್ಸಿನ ಮೂಲಗಳಲ್ಲಿ ವೃಕ್ಕಗಳನ್ನು, ಅಂದರೆ ಮೂತ್ರಪಿಂಡಗಳನ್ನು ಎಣಿಸಿದ್ದಾರೆ. ಇಂದು ನಾವು ಹೇಳುವ ದೀರ್ಘಕಾಲಿಕ ಮೂತ್ರಪಿಂಡ ರೋಗವನ್ನು ಸಂಹಿತೆಗಳು ಒಂದೇ ಹೆಸರಿನ ರೋಗವಾಗಿ ವರ್ಣಿಸಿಲ್ಲವಾದರೂ, ವ್ಯಾಯಾಮದ ಅಳತೆಯ ಬಗ್ಗೆ ಅವು ಹೇಳಿರುವ ಮಾತು ಈ ರೋಗಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ವಾಗ್ಭಟರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ, ಬಲಶಾಲಿಗಳು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ವ್ಯಾಯಾಮ ಮಾಡಬೇಕೆಂದಿದ್ದಾರೆ. ಆ ಅರ್ಧಶಕ್ತಿಯನ್ನು ಗುರುತಿಸುವುದು ಹೇಗೆ? ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವ ಸ್ಥಿತಿ ಬಂದಾಗ ಅರ್ಧಬಲ ತೀರಿತೆಂದು ಸುಶ್ರುತಾಚಾರ್ಯರು ತಿಳಿಸುತ್ತಾರೆ. ಅತಿ ವ್ಯಾಯಾಮದಿಂದ ಬಾಯಾರಿಕೆ, ಏದುಸಿರು, ಬಳಲಿಕೆ, ಜ್ವರ, ವಾಂತಿ ಮುಂತಾದವು ಉಂಟಾಗುತ್ತವೆಂಬ ಎಚ್ಚರಿಕೆಯೂ ಸಂಹಿತೆಗಳಲ್ಲಿದೆ.

ಇಂದಿನ ವೈದ್ಯರು ಹೇಳುವ 'ಮಾತಿನ ಪರೀಕ್ಷೆ'ಯೂ ಬಹುಮಟ್ಟಿಗೆ ಇದೇ ಆಗಿದೆ. ನಡೆಯುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಕಷ್ಟವೆನಿಸಬೇಕು. ಇದೇ ಮಧ್ಯಮ ವ್ಯಾಯಾಮ. ಎರಡು ಮಾತಿಗೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಕೆಲವರು ನಾಡಿಬಡಿತ ಎಣಿಸಿ ಅಳತೆ ಮಾಡುತ್ತಾರೆ. ಆದರೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಮಾತ್ರೆ ನುಂಗುವವರಲ್ಲಿ ನಾಡಿ ಹೆಚ್ಚು ಏರುವುದಿಲ್ಲವಾದ್ದರಿಂದ ಆ ಲೆಕ್ಕ ತಪ್ಪುತ್ತದೆ. ಮಾತಿನ ಪರೀಕ್ಷೆ ಎಲ್ಲರಿಗೂ ಸಲ್ಲುತ್ತದೆ. ಮತ್ತೊಂದು ಸಂಗತಿ: ಅರ್ಧಶಕ್ತಿಯೆಂದರೆ ಇಂದಿನ ಶಕ್ತಿಯ ಅರ್ಧ, ಯೌವನದಲ್ಲಿ ಇದ್ದ ಶಕ್ತಿಯ ಅರ್ಧವಲ್ಲ.

ಆರಂಭಿಸುವ ಮುನ್ನ

ತಮ್ಮನ್ನು ನೋಡುತ್ತಿರುವ ಮೂತ್ರಪಿಂಡ ತಜ್ಞರಿಗೆ ಅಥವಾ ವೈದ್ಯರಿಗೆ ವ್ಯಾಯಾಮದ ಉದ್ದೇಶವನ್ನು ತಿಳಿಸಿರಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಸಕ್ಕರೆ ಹಾಗೂ ಇ.ಸಿ.ಜಿ. ಇವುಗಳ ಇತ್ತೀಚಿನ ವರದಿ ಕೈಯಲ್ಲಿರಲಿ. ಮಧುಮೇಹವಿದ್ದವರು ಕಣ್ಣಿನ ಪಾಪೆಯ ಹಿಂಭಾಗದ ಪರೀಕ್ಷೆಯನ್ನೂ ಪಾದಗಳ ಸ್ಪರ್ಶಜ್ಞಾನದ ಪರೀಕ್ಷೆಯನ್ನೂ ಮಾಡಿಸಿಕೊಂಡಿರಬೇಕು.

ಕೆಳಗಿನ ಸ್ಥಿತಿಗಳಲ್ಲಿ ಅಂದು ವ್ಯಾಯಾಮ ಬೇಡ. ವೈದ್ಯರನ್ನು ಕಾಣುವುದು ಮೊದಲು:

- ವಿಶ್ರಾಂತಿಯಲ್ಲಿದ್ದಾಗಲೇ ರಕ್ತದೊತ್ತಡ 180/110 ಅಥವಾ ಅದಕ್ಕಿಂತ ಹೆಚ್ಚು ಇರುವುದು.
- ಜ್ವರ, ವಾಂತಿ, ಭೇದಿ ಇರುವುದು.
- ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋದಷ್ಟು ಏರಿರುವುದು, ಕಾಲುಬಾವು ಹೆಚ್ಚಿರುವುದು, ಮಲಗಿದರೆ ಉಸಿರು ಕಟ್ಟುವುದು.
- ಪೊಟ್ಯಾಸಿಯಂ ಹೆಚ್ಚಿದೆಯೆಂದು ವೈದ್ಯರು ಹೇಳಿರುವುದು.
- ಡಯಾಲಿಸಿಸ್ ತಪ್ಪಿಹೋಗಿರುವುದು.
- ಎದೆನೋವು, ಅನಿಯಮಿತ ಎದೆಬಡಿತ ಇರುವುದು.

ವ್ಯಾಯಾಮದ ಕ್ರಮ

ಮೂತ್ರಪಿಂಡ ರೋಗಿಗಳು ತಮ್ಮ ಹೃದಯ ಮತ್ತು ದೇಹದ ಶಕ್ತಿಗೆ ತಕ್ಕಂತೆ ವಾರಕ್ಕೆ ಒಟ್ಟು 150 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಗುರಿಯಾಗಿಟ್ಟುಕೊಳ್ಳಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಅಂದರೆ ದಿನಕ್ಕೆ 30 ನಿಮಿಷದಂತೆ ವಾರದಲ್ಲಿ 5 ದಿನ. ಇದು ತಲುಪಬೇಕಾದ ಊರು. ಮೊದಲ ದಿನವೇ ಅಲ್ಲಿರಬೇಕೆಂದಿಲ್ಲ.

ನಡಿಗೆ: ಮೊದಲ ಎರಡು ವಾರ ಸಮತಟ್ಟಾದ ಜಾಗದಲ್ಲಿ ಬೆಳಗ್ಗೆ 5 ನಿಮಿಷ, ಸಂಜೆ 5 ನಿಮಿಷ ನಡೆದರೆ ಸಾಕು. ಮೂರನೆಯ ವಾರದಿಂದ ಪ್ರತಿ ವಾರ ಎರಡು ಮೂರು ನಿಮಿಷ ಸೇರಿಸುತ್ತ ಹೋಗಬೇಕು. 30 ನಿಮಿಷ ತಲುಪಲು ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ. ಮೊದಲ 5 ನಿಮಿಷ ನಿಧಾನ, ನಡುವೆ ಸ್ವಲ್ಪ ಚುರುಕು, ಕೊನೆಯ 5 ನಿಮಿಷ ಮತ್ತೆ ನಿಧಾನ. ಥಟ್ಟನೆ ನಿಂತುಬಿಟ್ಟರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ವ್ಯಾಯಾಮ ಮುಗಿದು ಒಂದು ಗಂಟೆಯೊಳಗೆ ದಣಿವು ಪೂರ್ತಿ ಆರಬೇಕು. ಮರುದಿನದವರೆಗೂ ಸುಸ್ತು ಉಳಿದರೆ ಅಂದಿನ ಅಳತೆ ಹೆಚ್ಚಾಯಿತು. ಮುಂದಿನ ಸಲ ಕಡಿಮೆ ಮಾಡಿರಿ.

ಬಲ ಕೊಡುವ ವ್ಯಾಯಾಮ: ವಾರದಲ್ಲಿ 2 ದಿನ, ನಡುವೆ ಒಂದು ದಿನ ಬಿಟ್ಟು ಮಾಡಬೇಕು. ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು 8 ಬಾರಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ನಿಲ್ಲುವುದು 10 ಬಾರಿ. ಗೋಡೆಗೆ ಅಂಗೈಯಿಟ್ಟು ಮೊಣಕೈ ಮಡಚಿ ಗೋಡೆಯತ್ತ ಬಾಗಿ ಹಿಂದೆ ಸರಿಯುವುದು 8 ಬಾರಿ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಭುಜದವರೆಗೆ ಎತ್ತಿ ಇಳಿಸುವುದು 10 ಬಾರಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಜಿಗಿಯುತ್ತದೆ. ಎತ್ತುವಾಗ ಗಟ್ಟಿಯಾಗಿ ಎಣಿಸುತ್ತಿದ್ದರೆ ಉಸಿರು ತಾನಾಗಿಯೇ ಹೊರಬರುತ್ತದೆ. ಮೂಳೆಗಳು ಸಡಿಲವಾಗಿರುವ ಸಂಭವವಿರುವುದರಿಂದ ಜಿಗಿತ, ಹಠಾತ್ ತಿರುವು, ಭಾರದ ಡಂಬೆಲ್ಲುಗಳು ಬೇಡ.

ಸಮತೋಲ: ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ತಾಗಿಸಿಟ್ಟು 10 ಸೆಕೆಂಡು ನಿಲ್ಲುವ ಅಭ್ಯಾಸ ಮಾಡಿರಿ. ಬೀಳುವುದನ್ನು ತಪ್ಪಿಸಲು ಇದರಿಂದ ಬಹಳ ಉಪಕಾರವಾಗುತ್ತದೆ.

ಯೋಗಾಸನ: ತಾಡಾಸನ, ಕುರ್ಚಿಯ ಮೇಲೆ ಕುಳಿತು ಮಾಡುವ ಸರಳ ಚಲನೆಗಳು, ಶವಾಸನ, ಉಸಿರನ್ನು ತಡೆಯದೆ ಮಾಡುವ ನಾಡಿಶೋಧನ ಹಾಗೂ ಭ್ರಾಮರಿ ಒಳ್ಳೆಯವು. ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ಮಧುಮೇಹದಿಂದ ಕಣ್ಣಿನ ಒಳಪದರಕ್ಕೆ ಹಾನಿಯಾದವರು ಶೀರ್ಷಾಸನ, ಸರ್ವಾಂಗಾಸನ, ಭಸ್ತ್ರಿಕಾ, ಕಪಾಲಭಾತಿ ಹಾಗೂ ದೀರ್ಘ ಕುಂಭಕಗಳನ್ನು ಮಾಡಬಾರದು. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬಿರುವ ಆನುವಂಶಿಕ ರೋಗವುಳ್ಳವರು ಹೊಟ್ಟೆಗೆ ಪೆಟ್ಟು ಬೀಳುವ ಕುಸ್ತಿ, ಕಬಡ್ಡಿಯಂತಹ ಆಟಗಳಿಂದ ದೂರವಿರಬೇಕು.

ಬಿಸಿಲು, ನೀರು, ನೋವಿನ ಮಾತ್ರೆ

ಬೇಸಿಗೆಯಲ್ಲಿ ಬೆಳಗಿನ 7 ಗಂಟೆಯೊಳಗೆ ಅಥವಾ ಸೂರ್ಯ ಮುಳುಗುವ ಹೊತ್ತಿಗೆ ನಡಿಗೆ ಇರಲಿ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಸುಡುಬಿಸಿಲಿನಲ್ಲಿ ದುಡಿಯುವ ತರುಣರಲ್ಲಿ, ಮಧುಮೇಹವಾಗಲಿ ರಕ್ತದೊತ್ತಡವಾಗಲಿ ಇಲ್ಲದಿದ್ದರೂ ಮೂತ್ರಪಿಂಡ ಕೆಡುವುದು ಕಂಡುಬಂದಿದೆ. ಬಿಸಿಲು, ಶ್ರಮ, ನೀರಿನ ಕೊರತೆಗಳು ಸೇರಿ ಮಾಡುವ ಹಾನಿ ಅದರ ಮುಖ್ಯ ಕಾರಣಗಳಲ್ಲಿ ಒಂದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹೊಲದಲ್ಲಿ ದುಡಿಯುವ ನಮ್ಮ ರೈತಬಂಧುಗಳೂ ಇದನ್ನು ನೆನಪಿನಲ್ಲಿಡಬೇಕು. ಹೊಲದ ಕೆಲಸವೂ ವ್ಯಾಯಾಮವೇ. ನಡುಹಗಲಿನಲ್ಲಿ ನೆರಳಿಗೆ ಬರುವುದು ಸೋಮಾರಿತನವಲ್ಲ.

ನೀರಿನ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಸಲ್ಲದು. ಮೊದಲ ಮೂರು ಹಂತಗಳಲ್ಲಿದ್ದು, ಬಾವು ಇಲ್ಲದೆ, ವೈದ್ಯರು ನೀರಿಗೆ ಮಿತಿ ಹಾಕದಿದ್ದವರು ಬಾಯಾರಿಕೆಗೆ ತಕ್ಕಂತೆ ಕುಡಿಯಬಹುದು. ಮೂತ್ರ ಕಡಿಮೆಯಾದವರು, ಡಯಾಲಿಸಿಸ್ ಮೇಲಿರುವವರು ತಮಗೆ ಹೇಳಿದ ಮಿತಿಯೊಳಗೇ ಇರಬೇಕು. ಅಂಥವರು ದಿನದ ಪಾಲಿನಲ್ಲಿ ಒಂದು ಲೋಟವನ್ನು ವ್ಯಾಯಾಮದ ಹೊತ್ತಿಗೆಂದು ಮೊದಲೇ ತೆಗೆದಿರಿಸಿಕೊಳ್ಳಲಿ. ಹೆಚ್ಚು ಬಾಯಾರಿದರೆ ಬಾಯಿ ಮುಕ್ಕಳಿಸಲಿ.

ದಣಿವಾರಿಸಲು ಎಳನೀರು ಕೊಡುವುದು ನಮ್ಮ ರೂಢಿ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಅದನ್ನು ಹೊರಹಾಕಲಾರದಾದಾಗ ರಕ್ತದಲ್ಲಿ ಅದು ಏರಿ ಹೃದಯವನ್ನೇ ನಿಲ್ಲಿಸಬಲ್ಲದು. ನಾಲ್ಕು ಮತ್ತು ಐದನೆಯ ಹಂತದವರು, ಪೊಟ್ಯಾಸಿಯಂ ಹೆಚ್ಚಿರುವವರು ಎಳನೀರು, ಹಣ್ಣಿನ ರಸ, ಬಾಳೆಹಣ್ಣುಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರುವುದರಲ್ಲಿಯೂ ಪೊಟ್ಯಾಸಿಯಂ ಇರುತ್ತದೆ. ಜಿಮ್ಮುಗಳಲ್ಲಿ ಕೊಡುವ ಪ್ರೋಟೀನ್ ಪುಡಿ, ಕ್ರಿಯಾಟಿನ್ ಪುಡಿಗಳೂ ಬೇಡ.

ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಬೆವರಿ ನೀರಿನಂಶ ತಗ್ಗಿದಾಗ, ಅದರಲ್ಲಿಯೂ ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆಗೆ ಸೇರಿದಾಗ, ಮೇಲೆ ಹೇಳಿದ ವ್ಯಾಪಾರಿಗೆ ಆದಂತೆಯೇ ಆಗುತ್ತದೆ. ಬಿಸಿನೀರಿನ ಶಾಖ, ಎರಡು ದಿನದ ಬಿಡುವು, ಅಗತ್ಯವಾದರೆ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ನಾನು ಆಯುರ್ವೇದದ ವೈದ್ಯನಾಗಿಯೇ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬಲ ಬರಲೆಂದು ಭಸ್ಮ, ರಸೌಷಧಿ, ಶಿಲಾಜಿತು, ಹೆಸರಿಲ್ಲದ ಬೇರು ಕಷಾಯಗಳನ್ನು ತಾವಾಗಿಯೇ ಸೇವಿಸಬೇಡಿರಿ. ಸರಿಯಾಗಿ ಸಿದ್ಧಪಡಿಸದ ಲೋಹಯುಕ್ತ ಔಷಧಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಆಮ್ಲವು ಮೂತ್ರಪಿಂಡಕ್ಕೆ ವಿಷವೆಂಬುದು ಖಚಿತವಾಗಿದೆ. "ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ" ಎಂಬುದು ನಮ್ಮ ಶಾಸ್ತ್ರದ ಮಾತಲ್ಲ.

ಮಧುಮೇಹವಿದ್ದವರಿಗೆ

ಇನ್ಸುಲಿನ್ ಹಾಗೂ ಕೆಲವು ಸಕ್ಕರೆ ಮಾತ್ರೆಗಳನ್ನು ದೇಹದಿಂದ ಹೊರಹಾಕುವುದರಲ್ಲಿ ಮೂತ್ರಪಿಂಡದ ಪಾತ್ರ ದೊಡ್ಡದು. ಅದು ಕುಂದಿದಾಗ ಔಷಧಿ ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ವ್ಯಾಯಾಮದ ನಂತರ ಸಕ್ಕರೆ ದಿಢೀರನೆ ಇಳಿಯಬಹುದು. ಇಂತಹ ಔಷಧಿ ತೆಗೆದುಕೊಳ್ಳುವವರು ನಡಿಗೆಗೆ ಮುಂಚೆ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು. ಉಪವಾಸದ ದಿನ ವ್ಯಾಯಾಮ ಬೇಡ. ಜೇಬಿನಲ್ಲಿ 3 ಚಿಕ್ಕ ಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಅದನ್ನು ಸೇವಿಸಬೇಕು. ಬರಿಗಾಲಿನಲ್ಲಿ ನಡೆಯಬಾರದು, ಸ್ಪರ್ಶ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ

ಡಯಾಲಿಸಿಸ್ ಇಲ್ಲದ ದಿನಗಳು ನಡಿಗೆಗೆ ಹೆಚ್ಚು ಅನುಕೂಲ. ಡಯಾಲಿಸಿಸ್ ಮುಗಿದ ಕೂಡಲೇ ರಕ್ತದೊತ್ತಡ ತಗ್ಗಿರುವುದರಿಂದ ಅಂದು ವಿಶ್ರಾಂತಿಯೇ ಸರಿ. ಕೆಲವು ಕೇಂದ್ರಗಳಲ್ಲಿ ಸಿಬ್ಬಂದಿಯ ನಿಗಾದಲ್ಲಿ ಡಯಾಲಿಸಿಸ್ ನಡೆಯುತ್ತಿರುವಾಗಲೇ ಮೊದಲ ಎರಡು ಗಂಟೆಯೊಳಗೆ ಕಾಲಿನಿಂದ ಸೈಕಲ್ ತುಳಿಸುವ ಕ್ರಮವಿದೆ. ಅದು ಸುರಕ್ಷಿತವೆಂದು ಅನುಭವದಿಂದ ತಿಳಿದಿದೆ.

ಕೈಯಲ್ಲಿ ಮಾಡಿರುವ ಫಿಸ್ಟುಲಾ ಅವರ ಪಾಲಿನ ಜೀವನಾಡಿ. ಗಾಯ ಮಾಗಿದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಮೃದುವಾದ ಚೆಂಡನ್ನು ಹಿಸುಕುವ ಅಭ್ಯಾಸ ಒಳ್ಳೆಯದು. ಆ ಕೈಯಿಂದ ಬಿಂದಿಗೆ, ಚೀಲ ಎತ್ತಬಾರದು. ಬಿಗಿಯಾದ ಬಳೆ, ಗಡಿಯಾರ, ಕಂಕಣ ಬೇಡ. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಆ ಕೈಗೆ ಕಟ್ಟಿಸಬಾರದು. ಆ ಕೈಯ ಮೇಲೆ ಮಲಗಬಾರದು. ಬೆರಳಿಟ್ಟು ನೋಡಿದಾಗ ತಾಕುವ ಮಿಡಿತದ ಕಂಪನವನ್ನು ದಿನವೂ ಪರೀಕ್ಷಿಸಬೇಕು. ಅದು ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಹಳ ಜನರಿಗೆ ಫಿಸ್ಟುಲಾ ಎಡಗೈಯಲ್ಲಿರುತ್ತದೆ. ಇಷ್ಟಲಿಂಗ ಪೂಜೆಗೆ ಇದರಿಂದ ಅಡ್ಡಿಯಾಗುವುದೇ ಎಂದು ತಾಯಂದಿರೊಬ್ಬರು ಕಣ್ಣೀರು ತುಂಬಿ ಕೇಳಿದ್ದರು. ಅಡ್ಡಿಯಿಲ್ಲ. ಮೊಣಕೈಯನ್ನು ಬಹಳ ಹೊತ್ತು ಬಿಗಿಯಾಗಿ ಮಡಚದೆ, ತೋಳಿನ ಕೆಳಗೆ ಮೆತ್ತನೆಯ ಆಸರೆಯಿಟ್ಟುಕೊಂಡು ಪೂಜೆ ಮಾಡಿಕೊಳ್ಳಬಹುದು. ನೆಲದಲ್ಲಿ ಕುಳಿತೇಳುವುದು ಕಷ್ಟವಾದರೆ ಕುರ್ಚಿಯಲ್ಲಿ ಕುಳಿತುಕೊಳ್ಳಲು ಸಂಕೋಚ ಬೇಡ.

ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು ಭಾರ ಎತ್ತಬಾರದು. ಹೊಟ್ಟೆಯನ್ನು ಒತ್ತುವ ಧನುರಾಸನದಂತಹ ಆಸನಗಳನ್ನು ಬಿಡಬೇಕು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಮೊದಲ ತಿಂಗಳುಗಳಲ್ಲಿ ಶಸ್ತ್ರವೈದ್ಯರು ಹೇಳಿದಷ್ಟೇ ನಡೆಯಬೇಕು. ಮುಂದೆಯೂ ಹೊಟ್ಟೆಗೆ ಪೆಟ್ಟು ಬೀಳುವ ಆಟಗಳು ಸಲ್ಲವು.

ಪಾದಯಾತ್ರೆ ಮತ್ತು ಸೇವೆಗಳು

ದಿನಕ್ಕೆ 30, 40 ಕಿಲೋಮೀಟರ್ ಬಿಸಿಲಿನಲ್ಲಿ ನಡೆಯುವುದು ಅರ್ಧಶಕ್ತಿಯ ವ್ಯಾಯಾಮವಲ್ಲ. ಮೂರನೆಯ ಹಂತ ದಾಟಿದವರು, ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯರೋಗವುಳ್ಳವರು ದೀರ್ಘ ಪಾದಯಾತ್ರೆಗೆ ಹೋಗದಿರುವುದೇ ಲೇಸು. ಮನಸ್ಸು ತಡೆಯದಿದ್ದರೆ ವಾಹನದಲ್ಲಿ ಹೋಗಿ ಕೊನೆಯ ಅರ್ಧ ಗಂಟೆಯ ದಾರಿಯನ್ನು ತಂಪು ಹೊತ್ತಿನಲ್ಲಿ ನಡೆಯಬಹುದು. ಯಾತ್ರಿಕರ ದಾಸೋಹದಲ್ಲಿ ಕುಳಿತು ಮಾಡುವ ಸೇವೆಯನ್ನು ಕೈಗೊಳ್ಳಬಹುದು. ಫಿಸ್ಟುಲಾ ಇರುವವರು ಉರುಳುಸೇವೆ, ದೀಡ ನಮಸ್ಕಾರಗಳನ್ನು ಮಾಡಲೇಬಾರದು. ಮೈಭಾರವೆಲ್ಲ ಆ ಕೈಯ ಮೇಲೆ ಬಿದ್ದು ರಕ್ತನಾಳ ಮುಚ್ಚಿಹೋಗಬಹುದು. ಹರಕೆ ಹೊತ್ತವರು ಪೂಜ್ಯರಲ್ಲಿ ತಮ್ಮ ಸ್ಥಿತಿಯನ್ನು ಅರಿಕೆ ಮಾಡಿಕೊಂಡು ಬೇರೆ ರೀತಿಯ ಸೇವೆಯನ್ನು ಕೇಳಿ ಪಡೆಯಲಿ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಎದೆಯಲ್ಲಿ ನೋವು ಅಥವಾ ಬಿಗಿತ, ಎಡಗೈಗೆ ಇಲ್ಲವೆ ದವಡೆಗೆ ಹರಿಯುವ ನೋವು, ಕುಳಿತರೂ ಆರದ ಏದುಸಿರು, ಎದೆಬಡಿತ ತಪ್ಪುವುದು, ಕಣ್ಣು ಕತ್ತಲೆ, ಕಾಲುಗಳು ಒಮ್ಮೆಲೇ ಸೋತುಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿಸಿರಿ. ಕಠಿಣ ಶ್ರಮದ ನಂತರ ತೀವ್ರ ಸ್ನಾಯುನೋವಿನೊಡನೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಅಂಶಗಳು ಮೂತ್ರಪಿಂಡವನ್ನು ಕಟ್ಟುತ್ತಿರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು.

ಕೊನೆಯ ಮಾತು

ಒಂದು ಚಿಕ್ಕ ನೋಟುಪುಸ್ತಕ ಇಟ್ಟುಕೊಳ್ಳಿರಿ. ದಿನಾಂಕ, ಬೆಳಗಿನ ತೂಕ, ರಕ್ತದೊತ್ತಡ, ನಡೆದ ನಿಮಿಷ, ದಣಿವು ಆರಲು ಹಿಡಿದ ಸಮಯ ಇಷ್ಟನ್ನು ದಿನವೂ ಬರೆಯಿರಿ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಅದನ್ನು ತೋರಿಸಿರಿ. ಮನೆಯವರಲ್ಲಿಯೂ ಒಂದು ವಿನಂತಿ: ಪ್ರೀತಿಯಿಂದಲೇ ಆದರೂ ರೋಗಿಯ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿರಿ. ಹೂವಿನ ಗಿಡಕ್ಕೆ ನೀರುಣಿಸುವುದು, ಕಾಯಿಪಲ್ಲೆ ಸೋಸುವುದು, ಮೊಮ್ಮಗನನ್ನು ಶಾಲೆಯವರೆಗೆ ಬಿಟ್ಟು ಬರುವುದು ಇವು ಅವರ ಪಾಲಿಗೇ ಉಳಿಯಲಿ.

ಆ ಶಿಕ್ಷಕರನ್ನು ನೆನೆದಾಗಲೆಲ್ಲ ನನಗೆ ಅನಿಸುವುದು ಇಷ್ಟೇ: ಅಂದು ನಾನು "ನಿಲ್ಲಿಸಿರಿ" ಎನ್ನುವ ಬದಲು "ನಿಧಾನವಾಗಿ ನಡೆಯಿರಿ" ಎಂದಿದ್ದರೆ ಸಾಕಾಗಿತ್ತು. ಆ ಮಾತನ್ನು ಇಂದು ತಮ್ಮೆಲ್ಲರಿಗೂ ಹೇಳುತ್ತಿದ್ದೇನೆ. ನಾಳೆ ಬೆಳಗ್ಗೆ ಐದು ನಿಮಿಷದಿಂದ ಆರಂಭಿಸಲು, ಇವತ್ತೇ ತಮ್ಮ ವೈದ್ಯರನ್ನು ಕೇಳಿರಿ.